ಕರೆಂಟ್ ಇಲ್ಲದಿದ್ದರೂ ಚಾರ್ಜರ್ ಸುಟ್ಟಿದ್ದು ಹೇಗೆ?

ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಈಗ 12 ವೋಲ್ಟ್ ಬ್ಯಾಟರಿ ಇಲ್ಲದ ತೋಟದ ಮನೆ ಹುಡುಕಬೇಕು. ಔಷಧಿ ಹೊಡೆಯುವ ಸ್ಪ್ರೇಯರ್, ಟ್ರ್ಯಾಕ್ಟರ್, ಸೋಲಾರ್ ಬೇಲಿ, ಎಲ್ಲಕ್ಕೂ ಅದೇ. ಮಳೆಗಾಲದಲ್ಲಿ ಬಿಸಿಲಿಲ್ಲದೆ ಬೇಲಿ ಬ್ಯಾಟರಿ ಇಳಿದರೆ ಮನೆಗೆ ಹೊತ್ತು ತಂದು ಚಾರ್ಜಿಗೆ ಹಾಕುತ್ತೇವೆ, ಅಲ್ವಾ?

ಸಕಲೇಶಪುರದ ಹತ್ತಿರ ನಮ್ಮ ಮನೆಯಲ್ಲಿ ನಾನೂ ಒಂದು ಸಂಜೆ ಹಾಗೇ ಮಾಡಿದೆ. ಕರೆಂಟ್ ಇರಲಿಲ್ಲ. ಬಂದ ಕೂಡಲೇ ಚಾರ್ಜ್ ಆಗಲಿ ಅಂತ ಮೊಬೈಲ್ ಟಾರ್ಚ್ ಬೆಳಕಲ್ಲಿ ಕ್ಲಿಪ್ ಕಚ್ಚಿಸಿದೆ. ಒಂದರ ಕೆಂಪು ಕವರ್ ಯಾವತ್ತೋ ಉದುರಿತ್ತು, ಎರಡಕ್ಕೂ ಒಂದೇ ತುಕ್ಕಿನ ಬಣ್ಣ. ಚಟ್ ಅಂತ ಕಿಡಿ ಹಾರಿತು, ಕೈಯಲ್ಲಿದ್ದ ವೈರ್ ಮೆತ್ತಗಾಯಿತು, ಚಾರ್ಜರಿಂದ ಹೊಗೆ ಬಂತು.

ಕರೆಂಟೇ ಇಲ್ಲದಾಗ ಸುಟ್ಟಿದ್ದು ಹೇಗೆ? ಚಾರ್ಜರನ್ನು ಸುಟ್ಟಿದ್ದು ಬ್ಯಾಟರಿಯ ಕರೆಂಟೇ. ಚಾರ್ಜರ್ ಒಳಗೆ ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಡಯೋಡ್‌ಗಳಿರುತ್ತವೆ, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು. ಕ್ಲಿಪ್ ಸರಿಯಾಗಿದ್ದರೆ ಬ್ಯಾಟರಿಯ ಕರೆಂಟ್ ವಾಪಸ್ ನುಗ್ಗದ ಹಾಗೆ ತಡೆಯುತ್ತವೆ. ನನ್ನ ಹಾಗೆ ಪ್ಲಸ್ ಮೈನಸ್ ಉಲ್ಟಾ ಹಾಕಿದರೆ ಅವೇ ದಾರಿ ಬಿಡುತ್ತವೆ, 5 ಆಂಪಿಯರ್‌ಗೆ ಮಾಡಿದ ವೈರಲ್ಲಿ ಅದರ ಎಷ್ಟೋ ಪಟ್ಟು ಹರಿಯುತ್ತದೆ. ಹಾಗಾಗಿ ಚಾರ್ಜರಿಗೆ ಇನ್ನೊಂದು ಡಯೋಡ್ ಸೇರಿಸಿದರೂ ಪ್ರಯೋಜನವಿಲ್ಲ, ಅದೂ ಅದೇ ದಿಕ್ಕಿನದು.

ಸ್ಪ್ರೇಯರ್ ಥರ ಬ್ಯಾಟರಿ ಒಳಗೇ ಇರುವ ಸಾಮಾನಿಗೆ, ಚಾರ್ಜಿಂಗ್ ಪಿನ್ ಹತ್ತಿರ ಡಯೋಡ್ ಹಾಕಿದರೆ ಕೆಲಸ ಮಾಡುತ್ತದೆ, ಆದರೆ 0.7 ವೋಲ್ಟ್ ತಿನ್ನುತ್ತದೆ. 5 ಆಂಪಿಯರ್‌ಗೆ 3.5 ವಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಕೆಲವರು ಮಾಸ್ಫೆಟ್ ಹಾಕುತ್ತಾರೆ, ಅದು ಗೇಟ್ ಅನ್ನುವ ಪಿನ್ನಿಗೆ ವೋಲ್ಟೇಜ್ ಕೊಟ್ಟು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್. ಅದರ ರೆಸಿಸ್ಟೆನ್ಸ್ 20 ಮಿಲಿಓಮ್ ಆದರೆ ಬಿಸಿಯಾಗಿ ಹೋಗುವುದು ಅರ್ಧ ವಾಟ್ ಅಷ್ಟೇ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ, ದಯವಿಟ್ಟು ಗಮನ ಕೊಡಿ. ಆ ಮಾಸ್ಫೆಟ್ಟಿನ ಗೇಟನ್ನು ಆನ್ ಮಾಡಿ ಇಟ್ಟಿರುವುದು ಒಳಗಿನ ಬ್ಯಾಟರಿಯೇ. ಹೊರಗೆ ಚಾರ್ಜರ್ ಉಲ್ಟಾ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ, ಆನ್ ಆಗಿಯೇ ಇರುತ್ತದೆ, ಬ್ಯಾಟರಿ ಅದರ ಮೂಲಕವೇ ಸುರಿದುಬಿಡುತ್ತದೆ. ಚಾರ್ಜರ್ ಕಡೆಯ ವೋಲ್ಟೇಜ್ ಮೈನಸ್‌ಗೆ ಇಳಿದ ತಕ್ಷಣ ಗೇಟ್ ಆಫ್ ಮಾಡುವ ಒಂದು ಸಣ್ಣ ಟ್ರಾನ್ಸಿಸ್ಟರ್ ಜೊತೆಗೆ ಇರಲೇಬೇಕು.

ಕ್ಲಿಪ್ ಚಾರ್ಜರಿಗೆ ನಾನು ಹಾಕಿಸಿದ್ದು ರಿಲೇ, ಅಂದರೆ ಕಾಯಿಲಿಗೆ (ತಂತಿ ಸುರುಳಿ) ಕರೆಂಟ್ ಬಂದರೆ ಕಾಂಟ್ಯಾಕ್ಟ್ ಕೂಡಿಸುವ ಸ್ವಿಚ್. 12 ವೋಲ್ಟ್ ರಿಲೇಯ ಕಾಯಿಲನ್ನು ಒಂದು ಡಯೋಡ್ ದಾಟಿಸಿ (ಸೀರೀಸ್‌ನಲ್ಲಿ) ಕ್ಲಿಪ್‌ಗಳಿಗೇ ಸೇರಿಸಬೇಕು, ಚಾರ್ಜರಿನ ಪ್ಲಸ್ ವೈರ್ ರಿಲೇ ಕಾಂಟ್ಯಾಕ್ಟ್ ದಾಟಿ ಬರಬೇಕು. ಬ್ಯಾಟರಿ ಸರಿಯಾಗಿ ಕೂತರೆ ಟಕ್ ಅನ್ನುತ್ತದೆ, ಉಲ್ಟಾ ಆದರೆ ಸದ್ದೇ ಇಲ್ಲ. ಒಂದು ಫ್ಯೂಸ್ ಕೂಡ ಇರಲಿ. ಪೂರ್ತಿ ಇಳಿದ ಬ್ಯಾಟರಿ, ಅಂದರೆ 9 ವೋಲ್ಟ್‌ಗಿಂತ ಕಡಿಮೆ ಇರುವುದು, ರಿಲೇ ಎಳೆಯದೆ ಇರಬಹುದು. ಅಂಥದ್ದಕ್ಕೆ ಮೊದಲು ಮಲ್ಟಿಮೀಟರ್ ಹಿಡಿದು ಪ್ಲಸ್ ಯಾವುದು ನೋಡಿಕೊಳ್ಳಿ. ಚಾರ್ಜ್ ಮುಗಿದ ಮೇಲೆ ಕ್ಲಿಪ್ ತೆಗೆಯಿರಿ, ಇಲ್ಲದಿದ್ದರೆ ಕಾಯಿಲ್ ರಾತ್ರಿಯಿಡೀ ಬ್ಯಾಟರಿ ತಿನ್ನುತ್ತದೆ. ಮತ್ತೆ ಆ ಕೆಂಪು ಕವರ್ ಉದುರಿದ್ದರೆ, ಇವತ್ತೇ ಕೆಂಪು ಟೇಪ್ ಸುತ್ತಿ. ನಮಸ್ಕಾರ.