ಪೊಸಡಿ ಗುಂಪೆಯ ಏರಿನಲ್ಲಿ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಧರ್ಮತ್ತಡ್ಕದ ಹತ್ತಿರ ಪೊಸಡಿ ಗುಂಪೆ ಅಂತ ಒಂದು ಗುಡ್ಡೆ ಇದೆ. ನಿಮ್ಮಲ್ಲಿ ಕೆಲವರು ಹತ್ತಿಯೂ ಇರಬಹುದು. ನಾನು ಆಟದ ಟೀಚರ್ ಆಗಿದ್ದಾಗ ಮಕ್ಕಳನ್ನು ವರ್ಷಕ್ಕೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. "ಓಡಿ" ಅನ್ನುವುದೇ ತಡ, ಹುಡುಗರು ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಟ ಕೀಳುತ್ತಿದ್ದರು. ಅರ್ಧ ಏರುವಾಗ ನೋಡಿದರೆ ಅದೇ ಹುಡುಗರು ಮುರಕಲ್ಲಿನ ಮೇಲೆ ಕುಕ್ಕರಿಸಿರುತ್ತಿದ್ದರು. ಮುಖ ಕೆಂಪು, ಬಾಟಲಿ ಖಾಲಿ. ಹುಡುಗಿಯರು ಏನೋ ಮಾತಾಡಿಕೊಂಡು, ಒಂದೇ ಹದದಲ್ಲಿ ಅವರನ್ನು ದಾಟಿ ಹೋಗುತ್ತಿದ್ದರು.

ಹಾಗಂತ ತುದಿಗೆ ಮೊದಲು ಮುಟ್ಟುತ್ತಿದ್ದದ್ದು ಹುಡುಗಿಯರಾ? ಇಲ್ಲ. ಹೆಚ್ಚಿನ ವರ್ಷ ಒಬ್ಬ ಹುಡುಗನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ "ದೂರ ಜಾಸ್ತಿಯಾದರೆ ಹೆಂಗಸರೇ ಗೆಲ್ಲುತ್ತಾರಂತೆ" ಅನ್ನುವ ಮಾತು ಈಗ ಮೊಬೈಲಿನಲ್ಲಿ ಸಿಕ್ಕಾಪಟ್ಟೆ ಓಡಾಡುತ್ತಿದೆ. ನನಗೂ ಅದು ನಿಜವಾಗಿದ್ದರೆ ಖುಷಿಯೇ. ಆದರೆ ವಿಷಯ ಅಷ್ಟು ಸುಲಭ ಇಲ್ಲ.

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದಕ್ಕಿಂತ ಉದ್ದದ ಓಟಕ್ಕೆ ಅಲ್ಟ್ರಾ ಓಟ ಅನ್ನುತ್ತಾರೆ. 100 ಕಿಲೋಮೀಟರ್ ಇರಬಹುದು, 100 ಮೈಲಿ ಇರಬಹುದು. ಇಡೀ 24 ಗಂಟೆ ಓಡಿ ಎಷ್ಟು ದೂರ ಆಯಿತು ಅಂತ ಅಳೆಯುವುದೂ ಇದೆ. 2022ರಲ್ಲಿ ಲಿಥುವೇನಿಯಾದ ಅಲೆಕ್ಸಾಂಡರ್ ಸೊರೊಕಿನ್ 24 ಗಂಟೆಯಲ್ಲಿ 319 ಕಿಲೋಮೀಟರ್ ಓಡಿದರು. ಮರುವರ್ಷ ಜಪಾನಿನ ಮಿಹೊ ನಕಾಟಾ 270 ಕಿಲೋಮೀಟರ್ ಓಡಿ ಆಗಿನ ಹೆಂಗಸರ ದಾಖಲೆ ಮಾಡಿದರು. ಆ ಎರಡರ ನಡುವಿನ ವ್ಯತ್ಯಾಸ ಸುಮಾರು 49 ಕಿಲೋಮೀಟರ್. ಹೆಚ್ಚುಕಮ್ಮಿ ಕಾಸರಗೋಡಿನಿಂದ ಮಂಗಳೂರಿಗೆ ಹೋದಷ್ಟು!

ಯಾಕೆ ಈ ಅಂತರ? ಪ್ರಾಯಕ್ಕೆ ಬಂದ ಮೇಲೆ ಗಂಡಿನ ದೇಹದಲ್ಲಿ ಹೃದಯ, ಶ್ವಾಸಕೋಶ, ಸ್ನಾಯು ಎಲ್ಲ ಸ್ವಲ್ಪ ದೊಡ್ಡದು. ಕೊಬ್ಬು ಕಡಿಮೆ. ರಕ್ತದಲ್ಲಿ ಹಿಮೋಗ್ಲೋಬಿನ್ ಜಾಸ್ತಿ. ಆಮ್ಲಜನಕ ಹೊತ್ತು ತರುವುದು ಅದೇ ಅಲ್ವಾ? ಮ್ಯಾರಥಾನ್‌ನಲ್ಲಿ ಅತಿ ವೇಗದ ಗಂಡಸರಿಗೂ ಹೆಂಗಸರಿಗೂ ನೂರಕ್ಕೆ ಹತ್ತರಷ್ಟು ವ್ಯತ್ಯಾಸ ಉಳಿದಿರುವುದು ಅದಕ್ಕೇ. 1992ರಲ್ಲಿ ಇಬ್ಬರು ವಿಜ್ಞಾನಿಗಳು ಹಳೆಯ ದಾಖಲೆಗಳ ಗೆರೆಯನ್ನು ಮುಂದಕ್ಕೆ ಎಳೆದು, 1998ರ ಹೊತ್ತಿಗೆ ಮ್ಯಾರಥಾನ್‌ನಲ್ಲಿ ಇಬ್ಬರೂ ಸರಿಸಮ ಆಗಬಹುದು ಅಂದಿದ್ದರು. ಆಗಲಿಲ್ಲ. ಅಡಕೆ ಸಸಿ ಮೊದಲ ವರ್ಷಗಳಲ್ಲಿ ಬೆಳೆದ ಹಾಗೆಯೇ ಬೆಳೆಯುತ್ತಾ ಹೋಗಿದ್ದರೆ ನಮ್ಮ ತೋಟದ ಮರಗಳೆಲ್ಲ ಮೋಡ ಮುಟ್ಟಬೇಕಿತ್ತು. ಹೆಂಗಸರ ದಾಖಲೆ ಆಗ ಬೇಗ ಬೇಗ ಮುರಿಯುತ್ತಿದ್ದದ್ದು, ಅವರನ್ನು ಓಟಕ್ಕೆ ಸೇರಿಸಿಕೊಂಡದ್ದೇ ಆಗಷ್ಟೇ ಆಗಿದ್ದರಿಂದ.

ಈಗ ಅರ್ಧ ಏರಿನಲ್ಲಿ ಕೂತ ಹುಡುಗರ ಹತ್ತಿರ ವಾಪಸ್ ಬರೋಣ. 90 ಸಾವಿರಕ್ಕೂ ಜಾಸ್ತಿ ಮ್ಯಾರಥಾನ್ ಓಟಗಳನ್ನು ಲೆಕ್ಕ ಹಾಕಿದ ಒಂದು ಅಧ್ಯಯನ 2015ರಲ್ಲಿ ಬಂತು. ಓಟದ ಎರಡನೇ ಅರ್ಧದಲ್ಲಿ ಗಂಡಸರು ಸರಾಸರಿ ನೂರಕ್ಕೆ 16ರಷ್ಟು ನಿಧಾನ ಆಗಿದ್ದರು. ಹೆಂಗಸರು 12ರಷ್ಟು. ಆಲ್ಪ್ಸ್ ಪರ್ವತದ 110 ಕಿಲೋಮೀಟರ್ ಓಟವೊಂದರ ಕೊನೆಯಲ್ಲಿ ಓಟಗಾರರ ಕಾಲಿನ ಬಲ ಅಳೆದು ನೋಡಿದರು. ಸ್ನಾಯು ಜಾಸ್ತಿ ಸೋತದ್ದು ಗಂಡಸರದ್ದೇ. ಹೆಣ್ಣಿನ ದೇಹ ಉದ್ದದ ಓಟದಲ್ಲಿ ಕೊಬ್ಬನ್ನು ಹೆಚ್ಚು ಉರಿಸುತ್ತದೆ, ಸಕ್ಕರೆಯನ್ನು ಉಳಿಸಿಕೊಳ್ಳುತ್ತದೆ. ಒಲೆಗೆ ತೆಂಗಿನ ಗರಿ ಹಾಕಿದರೆ ಭಗ್ಗೆಂದು ಉರಿದು ಹೋಗುತ್ತದೆ. ಗೆರಟೆ ಹಾಕಿ ನೋಡಿ, ಅದರ ಕೆಂಡ ಎಷ್ಟು ಹೊತ್ತು ಇರುತ್ತದೆ! ಜೊತೆಗೆ ಹುಡುಗರಿಗೆ ಮೊದಲೇ ಮುಂದೆ ಹೋಗಿ ತೋರಿಸುವ ಚಟ ಒಂದಿದೆ. ಅದು ವಿಜ್ಞಾನವೋ ಅಲ್ಲವೋ, ನಾನು ಕಣ್ಣಾರೆ ಕಂಡದ್ದು.

ಇನ್ನು ಜಾಸ್ಮಿನ್ ಪ್ಯಾರಿಸ್ ಕತೆ ಹೇಳದೆ ನನಗೆ ಸಮಾಧಾನ ಆಗುವುದಿಲ್ಲ. ಬ್ರಿಟನ್ನಿನ ಪಶುವೈದ್ಯೆ. ಅಲ್ಲಿ ಸ್ಪೈನ್ ರೇಸ್ ಅಂತ ಒಂದಿದೆ. ಗುಡ್ಡಗಾಡಿನಲ್ಲಿ 268 ಮೈಲಿ, ಅಂದರೆ 431 ಕಿಲೋಮೀಟರ್. ಅದೂ ಜನವರಿ ಚಳಿಯಲ್ಲಿ. 2019ರಲ್ಲಿ ಆಕೆ ಅದಕ್ಕೆ ಹೊರಟಾಗ ಮನೆಯಲ್ಲಿ 14 ತಿಂಗಳ ಮಗಳು, ಇನ್ನೂ ಹಾಲು ಬಿಟ್ಟಿರಲಿಲ್ಲ. ಎದೆ ಕಟ್ಟಿಕೊಂಡರೆ ಏನು ಕಷ್ಟ ಅಂತ ಹೆತ್ತವರಿಗೆ ಗೊತ್ತು. ಉಳಿದವರು ವಿಶ್ರಾಂತಿಯ ಜಾಗಗಳಲ್ಲಿ ಉಂಡು ಮಲಗುವಾಗ ಈಕೆ ಉಂಡು, ಹಾಲನ್ನೂ ಹಿಂಡಿ ತೆಗೆದು ಹೊರಡುತ್ತಿದ್ದರು. 83 ಗಂಟೆ 12 ನಿಮಿಷದಲ್ಲಿ ಮುಗಿಸಿದರು. ಗಂಡಸರೂ ಸೇರಿ ಎಲ್ಲರಿಗಿಂತ ಮೊದಲು! ಅಲ್ಲಿಯವರೆಗಿನ ದಾಖಲೆಗಿಂತ 12 ಗಂಟೆ ಬೇಗ. ಮುಂದೆ 2024ರಲ್ಲಿ ಒಬ್ಬ ಗಂಡಸು ಆ ದಾಖಲೆ ಮುರಿದರು, ಅದೂ ಸರಿಯೇ. ಅದೇ ವರ್ಷ ಜಾಸ್ಮಿನ್ ಅಮೆರಿಕದ ಬಾರ್ಕ್ಲಿ ಓಟ ಮುಗಿಸಿದ ಮೊದಲ ಹೆಂಗಸಾದರು. 60 ಗಂಟೆಯ ಗಡುವಿಗೆ ಉಳಿದದ್ದು 99 ಸೆಕೆಂಡು.

ಪಾಮ್ ರೀಡ್ ಅಂತ ಇನ್ನೊಬ್ಬರು. ಜುಲೈ ತಿಂಗಳ ಬೆಂಕಿ ಬಿಸಿಲಲ್ಲಿ, ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿ 217 ಕಿಲೋಮೀಟರ್ ಓಟ. 2002ರಲ್ಲೂ 2003ರಲ್ಲೂ ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು. ಇಂಥ ಕಡೆ ವೇಗ ಮಾತ್ರ ಸಾಕಾಗುವುದಿಲ್ಲ. ಹೊಟ್ಟೆ ತಡೆಯಬೇಕು, ನಿದ್ದೆ ತಡೆಯಬೇಕು, ಪಾದದ ಬೊಕ್ಕೆ ತಡೆಯಬೇಕು. ಅಂತರ ಕಿರಿದಾಗುವುದು ಅಲ್ಲಿ.

ಆದರೆ ಹೊರಡುವ ಗೆರೆಯಲ್ಲಿ ನಿಂತವರನ್ನು ಎಣಿಸಿ ನೋಡಿ. ಎಷ್ಟೋ ದೊಡ್ಡ ಪರ್ವತ ಓಟಗಳಲ್ಲಿ ಐದು ಮಂದಿಯಲ್ಲಿ ಒಬ್ಬಳೂ ಹೆಣ್ಣು ಸಿಗುವುದಿಲ್ಲ. ಬರುವವರೇ ಇಷ್ಟು ಕಡಿಮೆ ಇರುವಾಗ ಯಾರು ಗಟ್ಟಿ ಅಂತ ತೀರ್ಪು ಕೊಡುವುದು ಹೇಗೆ? 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರ 800 ಮೀಟರ್ ಓಟ ಇಟ್ಟರು. ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿ ಗೆದ್ದರು. ಪತ್ರಿಕೆಗಳು ಮಾತ್ರ ಓಡಿದವರು ಸುಸ್ತಾಗಿ ಬಿದ್ದದ್ದನ್ನೇ ದೊಡ್ಡದು ಮಾಡಿ ಬರೆದವು. ಆ ಓಟ ಮತ್ತೆ ಬಂದದ್ದು 1960ರಲ್ಲಿ. ಹೆಂಗಸರ ಒಲಿಂಪಿಕ್ ಮ್ಯಾರಥಾನ್‌ಗೆ 1984 ಆಗಬೇಕಾಯಿತು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲೂ ಹುಡುಗಿಯರ 1500 ಮೀಟರ್ ಓಟವನ್ನು ಪಟ್ಟಿಯಿಂದ ತೆಗೆದಿದ್ದರು. ಬಿಸಿಲಿಗೆ ತಲೆ ತಿರುಗಿ ಬಿದ್ದರೆ ಯಾರು ಜವಾಬ್ದಾರಿ ಅಂತ ಕೇಳಿದರು. ಹುಡುಗರು ಬಿದ್ದರೆ ಅಂತ ನಾನು ಕೇಳಿದೆ. ಮೀಟಿಂಗಿನಲ್ಲಿ ಚಹಾ ಬಂತು, ಉತ್ತರ ಬರಲಿಲ್ಲ.

ಈಗ ನಿವೃತ್ತಿಯಾದ ಮೇಲೆ ನೆರೆಕರೆಯ ಐದಾರು ಹೆಂಗಸರನ್ನು ಬೆಳಿಗ್ಗೆ ಓಡಿಸುತ್ತಿದ್ದೇನೆ. ಅವರಲ್ಲಿ ಒಬ್ಬಳು ಬೀಡಿ ಕಟ್ಟುವವಳು. 20 ಕಿಲೋಮೀಟರ್ ಓಡಿದರೂ ಉಸಿರು ಕದಲುವುದಿಲ್ಲ ಮಾರಾಯ್ರೆ. "ಭಾನುವಾರ ಮೂರು ಗಂಟೆ ಓಡುವನಾ?" ಅಂತ ಕೇಳಿದೆ. "ಕಾಲು ಬರ್ತದೆ ಟೀಚರ್, ಆದ್ರೆ ಬೆಳಿಗ್ಗೆ ದೋಸೆ ಯಾರು ಹುಯ್ಯುವುದು?" ಅಂದಳು. ಎರಡು ವಾರ ಅದರಲ್ಲೇ ಹೋಯಿತು. ಕಳೆದ ಭಾನುವಾರ ಬಂದಳು. ಗಂಡನೇ ಕಾವಲಿ ಇಟ್ಟಿದ್ದಾರಂತೆ. ಮೊದಲ ನಾಲ್ಕು ದೋಸೆ ಏಳಲೇ ಇಲ್ಲವಂತೆ.

ನಮಸ್ಕಾರ.