ವಿಚ್ಛೇದನದ ದಾಖಲೆ ಎಲ್ಲಿರುತ್ತದೆ, ಯಾರಿಗೆ ಸಿಗುತ್ತದೆ

ಆಕಾಶವಾಣಿ ಕಾರವಾರದ ಕೇಳುಗರಿಗೆ ನಮಸ್ಕಾರ.

ಮಗಳಿಗೆ ಸಂಬಂಧ ನೋಡುವಾಗ, ಹುಡುಗನಿಗೆ ಹಿಂದೆ ಒಂದು ಮದುವೆಯಾಗಿ ಬಿಟ್ಟುಹೋಗಿದೆ ಎಂದು ತಿಳಿದರೆ, ನಮ್ಮ ಕಡೆಯ ಹಿರಿಯರು ಬಹುತೇಕ ಮಧ್ಯಸ್ಥರ ಮಾತನ್ನೇ ನಂಬುತ್ತಾರೆ. ‘ಕಾಗದಪತ್ರ ಎಲ್ಲ ಮುಗಿದಿದೆ’ ಎಂದರೆ ಯಾವ ಕಾಗದ ಎಂದು ಕೇಳಲು ಸಂಕೋಚಪಡುತ್ತಾರೆ. ಆದರೆ ಮೊದಲ ಮದುವೆ ಕಾನೂನಿನ ಪ್ರಕಾರ ಮುಗಿಯದಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ಎರಡನೆಯದು ಅಸಿಂಧುವಾಗುತ್ತದೆ, ಅದರ ನೋವನ್ನು ಹೆಚ್ಚಾಗಿ ಉಣ್ಣುವವಳು ಹೊಸದಾಗಿ ಮನೆಗೆ ಬಂದ ಹೆಣ್ಣುಮಗಳೇ. ಊರ ಹಿರಿಯರೆದುರು ಛಾಪಾ ಕಾಗದದ ಮೇಲೆ ಬರೆಸಿ ನೋಟರಿಯ ಮೊಹರು ಹಾಕಿಸಿದ ಬಿಡುಗಡೆ ಪತ್ರವು ವಿಚ್ಛೇದನವಲ್ಲ. ಸಮುದಾಯದ ರೂಢಿಯ ಬಿಡುಗಡೆಯನ್ನು ಕಾಯ್ದೆಯ 29ನೆಯ ಕಲಮು ಉಳಿಸಿಕೊಂಡಿದೆ, ನಿಜ. ಆದರೆ ತಕರಾರು ಬಂದ ದಿನ ಅಂಥ ರೂಢಿ ಇದೆಯೆಂಬುದನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕಾಗುತ್ತದೆ. ಕೈಯಲ್ಲಿರಬೇಕಾದದ್ದು ನ್ಯಾಯಾಲಯದ ಡಿಕ್ರಿ, ಅಂದರೆ ಮದುವೆ ಮುಗಿಯಿತೆಂದು ನ್ಯಾಯಾಲಯ ಕೊಟ್ಟ ಅಧಿಕೃತ ಆದೇಶ.

ಆ ಡಿಕ್ರಿಯನ್ನು ಹುಡುಕುವುದೆಲ್ಲಿ? ಜನನ, ಮರಣಗಳಿಗಿರುವಂಥ ನೋಂದಣಿ ಪುಸ್ತಕ ನಮ್ಮಲ್ಲಿ ವಿಚ್ಛೇದನಕ್ಕಿಲ್ಲ. ಕಾಳಿ ಸೇತುವೆ ದಾಟಿ, ಮಾಜಾಳಿಯ ಆಚೆ ಗೋವೆಗೆ ಹೋದರೆ ಪರಿಸ್ಥಿತಿ ಬೇರೆ. ಅಲ್ಲಿ ಡಿಕ್ರಿಯ ವಿಷಯವನ್ನು ಮದುವೆಯ ನೋಂದಣಿಯಲ್ಲೇ ನಮೂದಿಸುವ ಪೋರ್ಚುಗೀಸ್ ಕಾಲದ ಪದ್ಧತಿಯಿದೆ. ಗೋವೆಯಲ್ಲಿ ನೋಂದಣಿಯಾದ ಮದುವೆಯಾದರೆ ಅಲ್ಲಿಯ ಪ್ರತಿಯನ್ನೂ ತರಿಸಿ ನೋಡುವುದು ಒಳ್ಳೆಯದು. ನಮ್ಮಲ್ಲಾದರೋ ದಾಖಲೆ ಇರುವುದು ತೀರ್ಪು ಕೊಟ್ಟ ನ್ಯಾಯಾಲಯದಲ್ಲಿ: ಕುಟುಂಬ ನ್ಯಾಯಾಲಯವಿರುವಲ್ಲಿ ಅಲ್ಲಿ, ಇಲ್ಲದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ.

ಯಾವ ಊರಿನ ನ್ಯಾಯಾಲಯ ಎಂಬುದೇ ನಿಜವಾದ ತೊಡಕು. ಶಿರಸಿಯಲ್ಲಿ ಮದುವೆಯಾಗಿ, ಹುಬ್ಬಳ್ಳಿಯಲ್ಲಿ ಸಂಸಾರ ಹೂಡಿದ್ದ ದಂಪತಿ ಬೇರೆಯಾಗಿ, ಹೆಂಡತಿ ಕುಮಟೆಯ ತವರಿಗೆ ಮರಳಿದ್ದಾಳೆ ಎಂದಿಟ್ಟುಕೊಳ್ಳಿ. ಮದುವೆ ನಡೆದ ಸ್ಥಳ, ಎದುರುದಾರರು ವಾಸವಾಗಿರುವ ಸ್ಥಳ, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಸ್ಥಳ, ಮತ್ತು 2003ರ ತಿದ್ದುಪಡಿಯ ನಂತರ ಅರ್ಜಿದಾರಳಾದ ಹೆಂಡತಿ ತಾನಿರುವ ಸ್ಥಳ, ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಲು ಕಾಯ್ದೆಯ 19ನೆಯ ಕಲಮು ಅವಕಾಶ ಕೊಡುತ್ತದೆ. ಆದ್ದರಿಂದ ಶಿರಸಿ, ಹುಬ್ಬಳ್ಳಿ, ಕುಮಟೆ ಮೂರೂ ಕಡೆ ನೋಡಬೇಕಾಗಬಹುದು. ಒಂದು ಕಡೆ ಸಿಗಲಿಲ್ಲವೆಂದು ವಿಚ್ಛೇದನವೇ ಆಗಿಲ್ಲವೆಂದು ತೀರ್ಮಾನಿಸಬಾರದು.

ನ್ಯಾಯಾಲಯಗಳ ಪ್ರಕರಣಗಳ ವಿವರವಿರುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ ಮತ್ತು ವರ್ಷವನ್ನು ಆರಿಸಿ ಕಕ್ಷಿದಾರರ ಹೆಸರಿನಿಂದ ಹುಡುಕಬಹುದು. ಬಾಕಿಯಿರುವ ಮತ್ತು ವಿಲೇವಾರಿಯಾದ ಪ್ರಕರಣಗಳೆರಡನ್ನೂ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ನಾಯ್ಕ, ಹೆಗಡೆ, ಭಟ್ಟ, ಗೌಡ ಎಂಬ ಅಡ್ಡಹೆಸರು ಊರೂರಿಗೂ ಇರುವುದರಿಂದ, ಅದೂ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ, ಹೆಸರು ಮಾತ್ರ ಹೊಂದಿತೆಂದು ಯಾರ ಮೇಲೂ ನಿರ್ಣಯ ಹೇರಬೇಡಿ. ಪ್ರಕರಣದ ಎಂ.ಸಿ. (ವೈವಾಹಿಕ ಪ್ರಕರಣ) ಸಂಖ್ಯೆಯೋ, ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿರುವ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯೋ ಗೊತ್ತಿದ್ದರೆ ಈ ಗೊಂದಲವಿಲ್ಲ.

ದಂಪತಿಯ ನಡುವೆ ಏನಾಯಿತೆಂಬ ವಿವರ ಎಲ್ಲರಿಗೂ ತೆರೆದಿರುವುದಿಲ್ಲ. ಹಾಗಿರಲೂಬಾರದು ಎಂದು ನನ್ನ ನಂಬಿಕೆ. ಕಾಯ್ದೆಯ 22ನೆಯ ಕಲಮಿನಂತೆ ವಿಚಾರಣೆ ಗೋಪ್ಯವಾಗಿ ನಡೆಯುತ್ತದೆ, ಅದರ ವಿಷಯವನ್ನು ಪ್ರಕಟಿಸುವುದು ದಂಡಕ್ಕೆ ಗುರಿಯಾಗುವ ಅಪರಾಧ. ಮೂರನೆಯವರು ನಕಲು ಬೇಕೆಂದರೆ ಕಾರಣ ತಿಳಿಸಿ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಆ ನ್ಯಾಯಾಲಯಕ್ಕೇ ಅರ್ಜಿ ಹಾಕಬೇಕು. ಮಾಹಿತಿ ಹಕ್ಕಿನ ಅರ್ಜಿ ಇಲ್ಲಿ ನಡೆಯುವುದಿಲ್ಲ. ನ್ಯಾಯಾಲಯದ ಪ್ರತಿಗಳನ್ನು ಅದರ ನಿಯಮದಂತೆಯೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ಹಾಗಾಗಿ ಬೆನ್ನ ಹಿಂದೆ ಹುಡುಕುವುದಕ್ಕಿಂತ ಎದುರು ಕೂತು ಕೇಳುವುದೇ ಲೇಸು. ವಿಚ್ಛೇದನದ ಡಿಕ್ರಿಯಾದಾಗ ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು 23ನೆಯ ಕಲಮು ಹೇಳುತ್ತದೆ. ಕಳೆದುಹೋಗಿದ್ದರೆ ನ್ಯಾಯಾಲಯದ ನಕಲು ವಿಭಾಗದಲ್ಲಿ ಶುಲ್ಕ ಕಟ್ಟಿ ದೃಢೀಕೃತ ನಕಲನ್ನು ಪಡೆಯಬಹುದು. ಅದನ್ನು ತೋರಿಸಿ ಎಂದು ಮರ್ಯಾದೆಯಿಂದ ಕೇಳಿ, ಅದರಲ್ಲಿರುವ ಸಂಖ್ಯೆಯನ್ನು ಜಾಲತಾಣದಲ್ಲಿ ತಾಳೆ ನೋಡಿ.

ಆಸ್ತಿಯ ವ್ಯಾಜ್ಯಕ್ಕಾಗಿ ಅಜ್ಜ, ಅಜ್ಜಿಯರ ಕಾಲದ ಡಿಕ್ರಿ ಹುಡುಕುವವರಿಗೆ ಒಂದು ಮಾತು. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು, ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ 1947ರಲ್ಲೇ ಬಂದಿತ್ತು. ಆದ್ದರಿಂದ 1955ಕ್ಕಿಂತ ಹಿಂದಿನ ಡಿಕ್ರಿಯೂ ಇಲ್ಲಿರಲು ಸಾಧ್ಯ. ಅಂಥದ್ದಕ್ಕೆ ವರ್ಷ ಮತ್ತು ಹೆಸರುಗಳನ್ನು ಕೊಟ್ಟು ನ್ಯಾಯಾಲಯದ ದಾಖಲೆ ಕೋಣೆಯಲ್ಲೇ ವಿಚಾರಿಸಬೇಕು.

ಡಿಕ್ರಿ ಸಿಕ್ಕ ಮೇಲೂ ಅದರ ತಾರೀಖನ್ನು ನೋಡಿ. ಹಿಂದೂ ವಿವಾಹ ಕಾಯ್ದೆಯು ಮೇಲ್ಮನವಿಗೆ 90 ದಿನಗಳ ಅವಧಿ ಕೊಡುತ್ತದೆ, ಮೇಲ್ಮನವಿ ಇತ್ಯರ್ಥವಾಗದೆ ಮರುಮದುವೆ ಮಾಡಿಕೊಳ್ಳುವಂತಿಲ್ಲ. ನಮ್ಮ ಜಿಲ್ಲೆಯ ಮೇಲ್ಮನವಿಗಳು ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಹೋಗುವುದರಿಂದ, ಅದೇ ಹೆಸರುಗಳನ್ನು ಆ ಪೀಠದ ಪ್ರಕರಣಗಳಲ್ಲಿಯೂ ಒಮ್ಮೆ ಹುಡುಕಿದ ನಂತರವೇ ಮುಹೂರ್ತ ಗೊತ್ತುಮಾಡಿ.