ಕಂಚಿನಿಂದ ವಜ್ರದವರೆಗೆ

ಕೇಳುಗರಿಗೆ ನಮಸ್ಕಾರ.

ಮೊಬೈಲಿನಲ್ಲಿ ಭಾಷೆ ಕಲಿಸುವ ಡುಯೋಲಿಂಗೋ ಆ್ಯಪ್ ನಮ್ಮ ಕಾಸರಗೋಡಿನ ಹಳ್ಳಿಗಳಿಗೂ ಬಂದಿದೆ. ಗಲ್ಫಿಗೆ ಹೊರಟವರು ಅರಬ್ಬಿ ಕಲಿಯುತ್ತಾರೆ, ನರ್ಸಿಂಗ್ ಮುಗಿಸಿದವರು ಜರ್ಮನ್ ಕಲಿಯುತ್ತಾರೆ. ಆದರೆ ಇವರ ಬಾಯಲ್ಲಿ ಪಾಠದ ಸುದ್ದಿ ಕಡಿಮೆ. "ನಾನೀಗ ಯಾವ ಲೀಗಿನಲ್ಲಿದ್ದೇನೆ, ಗೊತ್ತುಂಟಾ?" ಎಂಬ ಮಾತೇ ಹೆಚ್ಚು.

ಏನಿದು ಲೀಗ್? ಕಂಚು, ಬೆಳ್ಳಿ, ಚಿನ್ನ ಎಂದು ಶುರುವಾಗಿ ವಜ್ರದವರೆಗೆ 10 ಮೆಟ್ಟಿಲುಗಳು. ಪ್ರತಿ ವಾರ ಸುಮಾರು 30 ಜನರ ಒಂದು ಗುಂಪು. ಪಾಠ ಮುಗಿಸಿದಂತೆಲ್ಲ ಪಾಯಿಂಟು. ವಾರದ ಕೊನೆಗೆ ಪಟ್ಟಿಯ ಮೇಲಿನವರಿಗೆ ಬಡ್ತಿ, ಕೆಳಗಿನವರಿಗೆ ಹಿಂಬಡ್ತಿ. ಈ ಏರಿಳಿತದ ಆಟ ಹೊಸದಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ 1888ರಲ್ಲಿ 12 ಕ್ಲಬ್ಬುಗಳಿಂದ ಆರಂಭವಾಗಿ, 1892ರಲ್ಲೇ ಎರಡನೇ ದರ್ಜೆಯನ್ನೂ ಕಂಡಿತ್ತು.

ಇದರ ಜಾಣತನ ಇರುವುದು ಆ ಸಣ್ಣ ಗುಂಪಿನಲ್ಲಿ. ಕೋಟಿಗಟ್ಟಲೆ ಜನರ ಒಂದೇ ಪಟ್ಟಿಯಲ್ಲಿ ನಿಮ್ಮ ಸ್ಥಾನ ಇಪ್ಪತ್ತು ಲಕ್ಷದ ಆಚೆ ಎಂದರೆ ಯಾರಿಗೆ ಹುಮ್ಮಸ್ಸು ಬಂದೀತು? ಪೈವಳಿಕೆಯ ಕಂಬಳ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೇಗಿಲು ಕಿರಿಯ ವಿಭಾಗದ ಕೋಣಗಳನ್ನು ಹಗ್ಗ ಹಿರಿಯ ವಿಭಾಗದ ಕೋಣಗಳ ಜೊತೆ ಯಾರೂ ಕರೆಗೆ, ಅಂದರೆ ಓಟದ ಕೆಸರುಗದ್ದೆಗೆ, ಇಳಿಸುವುದಿಲ್ಲ. ಸಮಬಲರ ನಡುವೆ ಓಡಿದಾಗಲೇ ಓಟಕ್ಕೆ ರಂಗು. ನಾವು ನಮ್ಮನ್ನು ಅಳೆದುಕೊಳ್ಳುವುದೇ ನಮ್ಮಂಥವರ ಜೊತೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ಬರೆದಿದ್ದರು.

ಬಡ್ತಿಯ ಆಸೆಗಿಂತ ಹಿಂಬಡ್ತಿಯ ಹೆದರಿಕೆ ಜೋರು. ನನಗೆ ಕಳವಳವಾಗುವುದೂ ಇಲ್ಲೇ. ಬದಿಯಡ್ಕದ ಕಡೆಯ ಒಬ್ಬ ಹುಡುಗಿ ಜರ್ಮನ್ ಕಲಿಯುತ್ತಿದ್ದಾಳೆ. ಭಾನುವಾರ ರಾತ್ರಿ ಊಟದ ಬಟ್ಟಲು ಪಕ್ಕದಲ್ಲೇ ಆರುತ್ತಿರುತ್ತದೆ, ಅವಳ ಬೆರಳು ಪರದೆ ಬಿಟ್ಟು ಏಳುವುದಿಲ್ಲ. ಮಾಡುತ್ತಿರುವುದು ಯಾವ ಪಾಠ ಎಂದು ಇಣುಕಿದರೆ ನೀರು, ರೊಟ್ಟಿ, ಸೇಬು. ಎಂದೋ ಕಲಿತು ಮುಗಿಸಿದ ಶಬ್ದಗಳು. ಹೊಸ ವ್ಯಾಕರಣಕ್ಕೆ ಕೈಹಾಕಿದರೆ ತಪ್ಪಾಗುತ್ತದೆ, ಹೊತ್ತು ಹಿಡಿಯುತ್ತದೆ. ಹಳೆಯ ಪಾಠವಾದರೆ ಪಾಯಿಂಟು ಸಲೀಸಾಗಿ ಬೀಳುತ್ತದೆ. ಲೀಗ್ ಉಳಿಯಿತು, ಜರ್ಮನ್ ಅಲ್ಲೇ ನಿಂತಿತು. ತಪ್ಪು ಅವಳದ್ದೆಂದು ನಾನು ಹೇಳಲಾರೆ. ಯಾವುದಕ್ಕೆ ಅಂಕವೋ ಅದನ್ನೇ ಮಾಡುವುದು ಮನುಷ್ಯರ ಸ್ವಭಾವ. ಅಂಕ ಯಾವುದಕ್ಕೆ ಎಂದು ಗೊತ್ತುಮಾಡಿದವರು ಅದಕ್ಕೆ ಹೊಣೆ.

1973ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದೆಂದರೆ ಪ್ರಾಣ ಎನ್ನುವ ಶಿಶುವಿಹಾರದ ಮಕ್ಕಳನ್ನು ಗಮನಿಸಿದರು. ಚಿತ್ರ ಬರೆದರೆ ಪ್ರಶಸ್ತಿಪತ್ರ ಎಂದು ಮೊದಲೇ ಆಸೆ ತೋರಿಸಿದ ಮಕ್ಕಳು ಆಮೇಲೆ ಬಿಡುವಿನಲ್ಲಿ ತಾವಾಗಿಯೇ ಬರೆಯುವುದನ್ನು ಕಡಿಮೆ ಮಾಡಿದರು. ಏನನ್ನೂ ಹೇಳದೆ, ಕೊನೆಗೆ ಅಚ್ಚರಿಯಾಗಿ ಪತ್ರ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಲೀಗಿನ ಆಸೆಯೂ ಕಲಿಕೆಯ ಖುಷಿಯನ್ನು ಹೀಗೇ ಕುಗ್ಗಿಸೀತೆಂಬುದು ನನ್ನ ಅಳುಕು.

ಹಾಗೆಂದು ಲೀಗೇ ಬೇಡ ಎನ್ನುವವನು ನಾನಲ್ಲ. ಒಂಟಿಯಾಗಿ ಕಲಿಯುವವರಿಗೆ, ಅದರಲ್ಲೂ ಕಲಿಸುವವರು ಹತ್ತಿರವಿಲ್ಲದ ನಮ್ಮ ಒಳನಾಡಿನವರಿಗೆ, ಜೊತೆಗೆ ಓಡುವವರು ಬೇಕು. ಗಡಿನಾಡಿನ ಕನ್ನಡ ಶಾಲೆಗಳ ಶಿಕ್ಷಕರು ವಾಟ್ಸ್‌ಆ್ಯಪ್‌ನಲ್ಲಿ ರಸಪ್ರಶ್ನೆ ನಡೆಸುವುದುಂಟು. ನೀವು ಅದಕ್ಕೆ ಮೆಟ್ಟಿಲುಗಳನ್ನು ಕಟ್ಟುವಿರಾದರೆ ಹೊಸ ಪಾಠಕ್ಕೆ ಹೆಚ್ಚು ಅಂಕವಿಡಿ, ಮಾಡಿದ್ದನ್ನೇ ಮತ್ತೆ ಮಾಡಿದರೆ ಕಡಿಮೆ ಕೊಡಿ. ಹೊಸದಾಗಿ ಸೇರಿದವರನ್ನು ಕೆಳಗಿಳಿಸಬೇಡಿ. ಅಡಿಕೆ ಕೊಯ್ಲಿನ ವಾರ ಮಗು ಬಾರದೆ ಹೋದರೆ ಅದರ ಜಾಗ ಹಾಗೇ ಇರಲಿ.

ಇನ್ನು ಡುಯೋಲಿಂಗೋದಲ್ಲಿ ಈ ಪೈಪೋಟಿ ಬೇಡವೆನಿಸಿದರೆ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಪ್ರೊಫೈಲನ್ನು ಖಾಸಗಿ ಮಾಡಿಕೊಳ್ಳಿ. ಲೀಗಿನ ಪಟ್ಟಿಯಿಂದ ನೀವು ಹೊರಗೆ ಬರುತ್ತೀರಿ, ಪಾಠಗಳು ಎಂದಿನಂತೆ ಮುಂದುವರಿಯುತ್ತವೆ.

ನಮಸ್ಕಾರ.